ರಿಕಾರ್ಡೊ ತಿದ್ದಿಕೊಂಡ ಅಭಿಪ್ರಾಯ

ಯಂತ್ರಗಳು ದುಡಿಯುವ ಕೈಗಳನ್ನು ಬರಿದಾಗಿಸಿದರೆ, ಬೆಳೆಯುತ್ತಿರುವ ಜನಸಂಖ್ಯೆಗೆ ಸಾಕಾಗುವಷ್ಟು ಉದ್ಯೋಗ ಉಳಿದೀತೇ? ಈ ಚರ್ಚೆ ಎದ್ದಾಗಲೆಲ್ಲ ನನಗೆ ಡೇವಿಡ್ ರಿಕಾರ್ಡೊ ನೆನಪಾಗುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಅವನನ್ನು ಗೇಣಿ ಸಿದ್ಧಾಂತದ ಕರ್ತೃವೆಂದಷ್ಟೇ ಬಲ್ಲವನಾಗಿದ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಅವನ ನಿಜವಾದ ದೊಡ್ಡತನ ನನಗೆ ಅರಿವಾದದ್ದು ತಡವಾಗಿ.

ರಿಕಾರ್ಡೊ ಹುಟ್ಟಿದ್ದು 1772ರಲ್ಲಿ, ಲಂಡನ್ನಿನ ಯಹೂದಿ ಕುಟುಂಬವೊಂದರಲ್ಲಿ. 14ನೇ ವಯಸ್ಸಿಗೇ ತಂದೆಯ ಷೇರುಪೇಟೆ ವ್ಯವಹಾರಕ್ಕೆ ಸೇರಿದ. ಕ್ವೇಕರ್ ಪಂಥದ ಯುವತಿಯನ್ನು ವರಿಸಿ ಮನೆಯವರಿಂದ ದೂರವಾದ. ಸ್ವಂತ ಬಲದಿಂದ ಅಪಾರ ಸಂಪತ್ತು ಗಳಿಸಿದ. 1799ರಲ್ಲಿ ಆಡಂ ಸ್ಮಿತ್‌ನ ಗ್ರಂಥ ಓದಿ ಅರ್ಥಶಾಸ್ತ್ರದತ್ತ ಹೊರಳಿದ. 1817ರಲ್ಲಿ ತನ್ನದೇ ಮಹಾಗ್ರಂಥ ಪ್ರಕಟಿಸಿ, 1819ರಲ್ಲಿ ಸಂಸತ್ತನ್ನು ಪ್ರವೇಶಿಸಿದ.

ಅವನ ಆಪ್ತಮಿತ್ರ ಥಾಮಸ್ ಮಾಲ್ಥಸ್. ಜನಸಂಖ್ಯೆಯು ಆಹಾರೋತ್ಪಾದನೆಯನ್ನು ಮೀರಿ ಬೆಳೆಯುತ್ತದೆಂದು 1798ರಲ್ಲಿ ಎಚ್ಚರಿಸಿದ್ದ ಮಾಲ್ಥಸ್, ಭಾರತಕ್ಕೆ ಬರಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳಿಗೆ ಪಾಠ ಹೇಳುತ್ತಿದ್ದವನು. ಇಬ್ಬರ ನಡುವೆ ವಾದಗಳು ಮುಗಿಯಲಿಲ್ಲ, ಸ್ನೇಹವೂ ಕುಂದಲಿಲ್ಲ.

ಅದೇ ಕಾಲದಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತಲ ಕುಶಲಕರ್ಮಿಗಳು ಹೊಟ್ಟೆಪಾಡಿನ ಭಯದಿಂದ ಹೆಣಿಗೆ ಯಂತ್ರಗಳನ್ನು ಒಡೆಯತೊಡಗಿದ್ದರು. 1812ರಲ್ಲಿ ಸಂಸತ್ತು ಈ ಕೃತ್ಯಕ್ಕೆ ಮರಣದಂಡನೆಯನ್ನೇ ಗೊತ್ತುಪಡಿಸಿತು. ಯಂತ್ರದಿಂದ ಕೊನೆಗೆ ಎಲ್ಲ ವರ್ಗಗಳಿಗೂ ಒಳಿತೇ ಆಗುತ್ತದೆಂದು ರಿಕಾರ್ಡೊ ಆಗ ನಂಬಿದ್ದ.

ಆದರೆ 1821ರಲ್ಲಿ ಗ್ರಂಥದ ಮೂರನೆಯ ಆವೃತ್ತಿಗೆ ಯಂತ್ರಗಳ ಕುರಿತ ಹೊಸ ಅಧ್ಯಾಯ ಸೇರಿಸಿ, ತನ್ನ ಹಿಂದಿನ ಅಭಿಪ್ರಾಯ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡ. ಮಾಲೀಕನು ಕೂಲಿಗೆ ಮೀಸಲಿಟ್ಟ ಹಣದ ಒಂದು ಭಾಗವನ್ನು ಯಂತ್ರಕ್ಕೆ ತೊಡಗಿಸಿದರೆ, ಅವನ ಲಾಭ ಕಡಿಮೆಯಾಗದೆಯೇ ಕಾರ್ಮಿಕರನ್ನು ಪೋಷಿಸುವ ಸಾಮರ್ಥ್ಯ ಕುಗ್ಗಬಹುದು. ಆಗ ಇದ್ದ ಜನಸಂಖ್ಯೆಯೇ ಹೆಚ್ಚಾಯಿತೆನ್ನಿಸುತ್ತದೆ. ಕಾರ್ಮಿಕರ ಭಯ ಬರಿಯ ಅಜ್ಞಾನವಲ್ಲವೆಂದು ಅವನು ಮನಗಂಡ. ಅನುಯಾಯಿ ಮೆಕಲಕ್ ಇದರಿಂದ ಅಸಮಾಧಾನಗೊಂಡರೂ ರಿಕಾರ್ಡೊ ಹಿಂಜರಿಯಲಿಲ್ಲ. ಹಾಗೆಂದು ಅವನು ಯಂತ್ರಗಳ ನಿರ್ಬಂಧವನ್ನು ಬೆಂಬಲಿಸಲಿಲ್ಲ. ಬಂಡವಾಳ ಹೊರದೇಶಕ್ಕೆ ಹೋದರೆ ಇದ್ದ ಉದ್ಯೋಗಗಳೂ ಹೋಗುತ್ತವೆಂಬುದು ಅವನ ಎಚ್ಚರ.

1823ರಲ್ಲಿ, 51ನೇ ವಯಸ್ಸಿನಲ್ಲಿ, ರಿಕಾರ್ಡೊ ತೀರಿಕೊಂಡ. ಅವನ ಉಯಿಲಿನಲ್ಲಿ ಮಾಲ್ಥಸ್‌ಗೂ ಒಂದು ಪಾಲಿತ್ತು.

ಮುಂದೆ ಇಂಗ್ಲೆಂಡಿನಲ್ಲಿ ಕಾರ್ಖಾನೆ, ರೈಲು, ಕಚೇರಿಗಳಿಂದ ಹೊಸ ಉದ್ಯೋಗಗಳು ಹುಟ್ಟಿದವು, ಜನಸಂಖ್ಯೆಯೂ ಬೆಳೆಯಿತು. ಆದರೆ ಕೈಮಗ್ಗವನ್ನೇ ನಂಬಿದ್ದ ನೇಕಾರನ ಬದುಕು ಅದಕ್ಕೆ ಮೊದಲೇ ಮುರಿದುಬಿದ್ದಿತ್ತು. ಯಂತ್ರ ಕಸಿದ ಕೆಲಸವನ್ನು ಮಾರುಕಟ್ಟೆಯೇ ಮರಳಿಸುತ್ತದೆಂದು ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಯಾರಿಗೆ ಮರಳಿಸುತ್ತದೆ, ಎಷ್ಟು ಕಾಲದ ನಂತರ, ಅಲ್ಲಿಯವರೆಗೆ ಅವನ ಸಂಸಾರವನ್ನು ಸಾಕುವವರು ಯಾರು ಎಂದು ಕೇಳಿಕೊಂಡಿರಲಿಲ್ಲ. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ನಮ್ಮ ಯೋಜನೆಗಳು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ. ರಿಕಾರ್ಡೊನಂಥವನೇ ತನ್ನ ಮಾತನ್ನು ತಿದ್ದಿಕೊಂಡಿರುವಾಗ, ನಾನು ತಿದ್ದಿಕೊಳ್ಳಲು ಸಂಕೋಚವೇಕೆ?