ಕಮ್ಮಿ ಮಾತಿನ ಅಧ್ಯಕ್ಷರು: ಕಾಲ್ವಿನ್ ಕೂಲಿಡ್ಜ್

ಗೆಳೆಯರೇ, ಅಮೆರಿಕದ ಅಧ್ಯಕ್ಷರು ಅಂದ್ರೆ ನಮಗೆ ಲಿಂಕನ್, ವಾಷಿಂಗ್ಟನ್ ನೆನಪಾಗ್ತಾರೆ. ಇವತ್ತು ಆ ದೇಶದ 30ನೇ ಅಧ್ಯಕ್ಷರ ಬಗ್ಗೆ ತಿಳಿಯೋಣ.

ಕಾಲ್ವಿನ್ ಕೂಲಿಡ್ಜ್ ಅವರು 1872ರ ಜುಲೈ 4ರಂದು ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್ ಎಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ತಂದೆ ಜಾನ್ ರೈತರು, ಅಂಗಡೀನೂ ಇಟ್ಟಿದ್ದರು. ಹನ್ನೆರಡನೇ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಕೂಲಿಡ್ಜ್ ಓದಿ ವಕೀಲರಾದರು. ನಂತರ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್, 1921ರಲ್ಲಿ ದೇಶದ ಉಪಾಧ್ಯಕ್ಷರಾದರು. ಮಾತು ಬಹಳ ಕಮ್ಮಿ.

1923ರ ಆಗಸ್ಟಿನಲ್ಲಿ ಅಧ್ಯಕ್ಷ ಹಾರ್ಡಿಂಗ್ ನಿಧನರಾದರು. ಆಗ ಕೂಲಿಡ್ಜ್ ತಮ್ಮ ಹಳ್ಳಿಗೆ ಬಂದಿದ್ದರು. ಮನೇಲಿ ಕರೆಂಟ್ ಇರಲಿಲ್ಲ. ರಾತ್ರಿ ಸುದ್ದಿ ಬಂತು. ತಂದೆ ನೋಟರಿ ಆಗಿದ್ದರಿಂದ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೆಳಗಿನ ಜಾವ 2-47ಕ್ಕೆ ಅವರೇ ಮಗನಿಗೆ ಪ್ರಮಾಣವಚನ ಬೋಧಿಸಿದರು!

ಮರುವರ್ಷವೇ ದೊಡ್ಡ ದುಃಖ. ಟೆನಿಸ್ ಆಡುವಾಗ ಕಿರಿಯ ಮಗನ ಕಾಲಿಗೆ ಬೊಬ್ಬೆ ಎದ್ದು ನಂಜಾಯಿತು. ಆಗಿನ್ನೂ ಪೆನಿಸಿಲಿನ್ ಇರಲಿಲ್ಲ. 16 ವರ್ಷದ ಹುಡುಗ ಉಳಿಯಲಿಲ್ಲ.

ವ್ಯಾಪಾರದಲ್ಲಿ ಸರ್ಕಾರ ಆದಷ್ಟೂ ಕೈ ಹಾಕಬಾರದು ಅನ್ನೋದು ಕೂಲಿಡ್ಜ್ ಅವರ ನಂಬಿಕೆ. ಹಣಕಾಸು ಮಂತ್ರಿ ಆಂಡ್ರ್ಯೂ ಮೆಲನ್ ಜೊತೆ ಸೇರಿ ಸರ್ಕಾರದ ಖರ್ಚು ಹಿಡಿತದಲ್ಲಿಟ್ಟರು, ಸಾಲ ತೀರಿಸುತ್ತಾ ಬಂದರು. ಆದಾಯದ ಮೇಲಿನ ಗರಿಷ್ಠ ತೆರಿಗೆಯನ್ನು ಶೇಕಡಾ 25ಕ್ಕೆ ಇಳಿಸಿದರು. ಕಾರ್ಖಾನೆಗಳು ಬೆಳೆದವು. ಕಾರು, ರೇಡಿಯೋ ಎಷ್ಟೋ ಮನೆಗಳಿಗೆ ಬಂದವು.

ಆದರೆ ರೈತರ ಕಥೆ ಬೇರೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೆಳೆಗಳ ಬೆಲೆ ಬಿದ್ದುಹೋಗಿತ್ತು. ಹೆಚ್ಚಾದ ಬೆಳೆಯನ್ನು ಸರ್ಕಾರವೇ ಕೊಳ್ಳಲಿ ಎಂಬ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಪಾಸಾಯಿತು. ಕೂಲಿಡ್ಜ್ 1927ರಲ್ಲೂ 1928ರಲ್ಲೂ ಅದನ್ನು ತಡೆದರು. ಬೆಲೆ ಕಟ್ಟೋದು ಸರ್ಕಾರದ ಕೆಲಸವಲ್ಲ, ಹಾಗೆ ಕಟ್ಟಿದರೆ ಬೆಳೆ ಇನ್ನೂ ಹೆಚ್ಚಾಗಿ ತೊಂದರೆಯಾಗುತ್ತೆ ಅನ್ನೋದು ಅವರ ವಾದ. ಆದ್ರೆ ಕಾರ್ಖಾನೆಗಳನ್ನು ಕಾಪಾಡುವ ಆಮದು ಸುಂಕವನ್ನು ಮಾತ್ರ ಹಾಗೇ ಇಟ್ಟುಕೊಂಡರು. ಇದು ಯಾವ ನ್ಯಾಯ ಅಂತ ರೈತರು ಕೇಳಿದರು.

1929ರ ಮಾರ್ಚಿನಲ್ಲಿ ಅಧಿಕಾರ ಬಿಟ್ಟರು. ಅದೇ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಇದಕ್ಕೆ ಕೂಲಿಡ್ಜ್ ಕಾರಣ ಅನ್ನುವವರೂ ಇದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. 1933ರ ಜನವರಿ 5ರಂದು ಅವರು ತೀರಿಕೊಂಡರು. ಹುಟ್ಟಿದ ಹಳ್ಳಿಯಲ್ಲೇ ಅವರ ಸಮಾಧಿ ಇದೆ.

ಸರ್ಕಾರದ ದುಡ್ಡನ್ನು ಹಿಡಿದು ಖರ್ಚು ಮಾಡಿದ ಅವರ ಗುಣ ನಮಗೆಲ್ಲ ಪಾಠ. ಆದರೆ ರೈತನ ಮಗನೇ ರೈತರ ಕೈ ಹಿಡಿಯದಿದ್ದದ್ದು ಸರಿಯೇ? ಗೆಳೆಯರೇ, ನೀವೇ ಯೋಚಿಸಿ.