ಭಾರತರತ್ನ ಡಾ. ಸಿ.ವಿ. ರಾಮನ್: ಜೀವನ ಮತ್ತು ಸಾಧನೆ

ಪ್ರಸಿದ್ಧ ಪ್ರಾಯೋಗಿಕ ಭೌತವಿಜ್ಞಾನಿ ಚಂದ್ರಶೇಖರ ವೆಂಕಟರಾಮನ್ ಅವರು 1888ನೇ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಹಾಗೂ 1907ರಲ್ಲಿ ಎಂ.ಎ. ಪದವಿ ಪಡೆದರು.

ಅದೇ ವರ್ಷ ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ಸೇವೆಗೆ ಸೇರಿದರು. ಕಚೇರಿ ವೇಳೆಯ ಮುನ್ನ ಹಾಗೂ ನಂತರ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಯಲ್ಲಿ ಪಿಟೀಲು, ವೀಣೆ ಮುಂತಾದ ವಾದ್ಯಗಳ ನಾದವನ್ನು ಕುರಿತು ಸಂಶೋಧನೆ ನಡೆಸಿದರು. 1917ರಲ್ಲಿ ಹೆಚ್ಚಿನ ವೇತನದ ಸರ್ಕಾರಿ ಹುದ್ದೆಯನ್ನು ತ್ಯಜಿಸಿ, ಕಡಿಮೆ ವೇತನದ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿಕೊಂಡರು.

1921ರಲ್ಲಿ ಹಡಗಿನ ಪ್ರಯಾಣದ ವೇಳೆ ಮೆಡಿಟರೇನಿಯನ್ ಸಮುದ್ರದ ನೀಲವರ್ಣವು ಅವರ ಗಮನ ಸೆಳೆಯಿತು. ಅದು ಆಕಾಶದ ಪ್ರತಿಬಿಂಬವೆಂಬ ಅಭಿಪ್ರಾಯ ಆಗ ಇದ್ದಿತು. ಸಣ್ಣ ಪಟ್ಟಕವೊಂದರಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಮರೆಮಾಡಿ ನೋಡಿದಾಗಲೂ ನೀಲಿ ಬಣ್ಣ ಉಳಿದಿತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ನಿರ್ಣಯಕ್ಕೆ ಬಂದ ಅವರು, ಏಳು ವರ್ಷ ಈ ವಿಷಯವನ್ನೇ ಬೆನ್ನುಹತ್ತಿದರು. ಕೆ.ಎಸ್. ಕೃಷ್ಣನ್ ಅವರ ಸಹಯೋಗದೊಂದಿಗೆ 1928ರ ಫೆಬ್ರವರಿ 28ರಂದು, ದ್ರವದಿಂದ ಚದುರಿದ ಬೆಳಕಿನ ಅಲ್ಪಾಂಶವು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುವುದನ್ನು ದೃಢಪಡಿಸಿದರು. ಇದುವೇ ರಾಮನ್ ಪರಿಣಾಮ. ಈ ಬದಲಾವಣೆಯ ಪ್ರಮಾಣವು ಪ್ರತಿ ವಸ್ತುವಿಗೂ ವಿಶಿಷ್ಟವಾಗಿರುವುದರಿಂದ, ಔಷಧಿಗಳ ಹಾಗೂ ರತ್ನಗಳ ಪರೀಕ್ಷೆಗೆ ಇಂದಿಗೂ ಬಳಕೆಯಲ್ಲಿದೆ. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಲಭಿಸಿತು. ವಿಜ್ಞಾನ ವಿಭಾಗದಲ್ಲಿ ಈ ಗೌರವ ಪಡೆದ ಏಷ್ಯಾದ ಪ್ರಥಮ ವ್ಯಕ್ತಿ ಅವರಾಗಿದ್ದಾರೆ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. 1937ರಲ್ಲಿ ನಿರ್ದೇಶಕ ಸ್ಥಾನವನ್ನು ತೊರೆಯಬೇಕಾಗಿ ಬಂದರೂ, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ನಿವೃತ್ತಿಯ ನಂತರ ಮೈಸೂರು ಸಂಸ್ಥಾನವು ನೀಡಿದ್ದ ಭೂಮಿಯಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, ಸರ್ಕಾರದ ಅನುದಾನವನ್ನು ಅವಲಂಬಿಸದೆ ನಡೆಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿಗೆ ಭಾಜನರಾದರು.

ಸಾಧಾರಣ ಕಲ್ಲುಗಳೂ ಅವರ ಅಧ್ಯಯನಕ್ಕೆ ಹೊರತಾಗಿರಲಿಲ್ಲ. ಬೆಣಚುಕಲ್ಲು ಹಾಗೂ ಫೆಲ್ಡ್‌ಸ್ಪಾರ್ ಖನಿಜಗಳ ಮೇಲೆ ಬೆಳಕಿನ ವರ್ತನೆಯನ್ನು ಅವರು ಪರಿಶೀಲಿಸಿದರು. ರಾಯಚೂರು, ಮಾನ್ವಿ ಹಾಗೂ ದೇವದುರ್ಗ ಪರಿಸರದ ಗ್ರಾನೈಟ್ ಬಂಡೆಗಳಲ್ಲಿ ಮುಖ್ಯವಾಗಿ ಇರುವುದು ಇವೇ ಖನಿಜಗಳು ಎಂಬುದು ಗಮನಾರ್ಹ.

ರಾಮನ್ ಅವರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆಯು ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು. 1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತಿದೆ. ದುಬಾರಿ ಉಪಕರಣಗಳಿಲ್ಲದೆಯೂ ಸೂರ್ಯನ ಬೆಳಕು, ಮಸೂರ ಹಾಗೂ ಬಣ್ಣದ ಗಾಜುಗಳಿಂದ ಮಹತ್ವದ ಶೋಧನೆ ಸಾಧ್ಯವೆಂಬುದಕ್ಕೆ ಅವರ ಜೀವನವು ಗ್ರಾಮೀಣ ವಿದ್ಯಾರ್ಥಿಗಳಿಗೂ ನಿದರ್ಶನವಾಗಿರುತ್ತದೆ.