ಅಳಿದ ಮುಖ, ಮೂಡಿದ ಮುಖ

ವಿಲಿಯಂ ಹಾರ್ಟ್‌ನೆಲ್ 1908ರಲ್ಲಿ ಲಂಡನ್ನಿನಲ್ಲಿ ಜನಿಸಿದರು; ತಂದೆ ಯಾರೆಂಬುದನ್ನು ಕೊನೆಯವರೆಗೂ ಅರಿಯರು. ಬಹುಕಾಲ ಅವರ ಪಾಲಿಗೆ ಬಂದುವು ಗದರುವ ಸಾರ್ಜೆಂಟರ ಪಾತ್ರಗಳು. 1963ರಲ್ಲಿ ಬಿ.ಬಿ.ಸಿ. ಟೆಲಿವಿಷನ್ನಿನ ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥೆಯಲ್ಲಿ ಕಾಲಸಂಚಾರಿಯಾದ ವೃದ್ಧನಾಗಿ ಮಕ್ಕಳ ಮನಸ್ಸನ್ನು ಗೆದ್ದರು. ಆದರೆ ರಕ್ತನಾಳಗಳ ಬೇನೆಯಿಂದ ಮಾತುಗಳು ನೆನಪಿನಲ್ಲಿ ನಿಲ್ಲದಾದುವು. 1966ರ ಅಕ್ಟೋಬರಿನಲ್ಲಿ ಆ ನಾಯಕನನ್ನು ಸಾಯಿಸಿದರು. ಸಾಯಿಸಿದರೆನ್ನಲೇ? ನೆಲಕ್ಕೊರಗಿದ ವೃದ್ಧನ ಮುಖದಲ್ಲಿಯೇ ಪ್ಯಾಟ್ರಿಕ್ ಟ್ರೌಟನ್ನರ ಮುಖ ಮೂಡಿತು. ಆ ಕಂತು ನಷ್ಟವಾಗಿದೆ. ಈ ಕ್ಷಣದ ತುಣುಕು ಉಳಿದಿದೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಅಳಿಯುವ ಮುಖದಲ್ಲಿಯೇ ನಿಲ್ಲುತ್ತದೆ. 1972ರ ಕೊನೆಗೆ ಹಾರ್ಟ್‌ನೆಲ್ ಅದೇ ಪಾತ್ರಕ್ಕೆ ಮತ್ತೊಮ್ಮೆ ಬಂದರು. ಕುಳಿತಲ್ಲಿಯೇ, ಎದುರಿಗೆ ಹಿಡಿದ ಹಲಗೆಗಳಿಂದ ಮಾತುಗಳನ್ನು ಓದಿ ಹೇಳಿದರು. ಪಾತ್ರವು ಅಷ್ಟರಲ್ಲಿ ಮೂರನೆಯ ನಟನದಾಗಿತ್ತು. 1975ರ ಏಪ್ರಿಲ್ 23ರಂದು ಅವರು ತೀರಿಕೊಂಡರು.